ಆರನೆಯ ತರಗತಿಗೇ ಐ.ಐ.ಟಿ. ಪಾಠವೇ?

ಹೈದರಾಬಾದಿನ ಇತರ ಬಡಾವಣೆಗಳಂತೆ ನಮ್ಮ ಮಲ್ಕಾಜ್‌ಗಿರಿಯಲ್ಲಿಯೂ ಬೇಸಗೆಯ ರಜೆ ಮುಗಿಯುವ ಹೊತ್ತಿಗೆ ಫಲಕಗಳ ಮೇಲೆ ಒಂದು ಶಬ್ದ ಎದ್ದು ಕಾಣತೊಡಗುತ್ತದೆ: ‘ಐ.ಐ.ಟಿ. ಫೌಂಡೇಶನ್’. ಆರನೆಯ ತರಗತಿಯ ಬಾಲಕನಿಗೆ ಎಂಟನೆಯದರ ಬೀಜಗಣಿತವನ್ನೂ, ಎಂಟನೆಯದರ ಬಾಲಕಿಗೆ ಹತ್ತನೆಯದರ ಭೌತಶಾಸ್ತ್ರವನ್ನೂ ಮುಂಚಿತವಾಗಿಯೇ ಕಲಿಸಿಕೊಡುವೆವೆಂಬ ಭರವಸೆಯೇ ಅದರ ಅರ್ಥ. ಹೋಟೆಲಿನ ಗಲ್ಲಾದಲ್ಲಿ ಕುಳಿತಿರುವ, ಒಲೆಯ ಮುಂದೆ ನಿಂತಿರುವ, ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವ ನಮ್ಮ ಕನ್ನಡ ಬಂಧುಗಳು ಈ ಫಲಕದ ಮುಂದೆ ಒಂದು ಗಳಿಗೆ ನಿಲ್ಲದಿರಲಾರರು. ತಾವು ಪಟ್ಟ ಕಷ್ಟ ಮಕ್ಕಳಿಗೆ ಬಾರದಿರಲಿ ಎಂಬ ಆಸೆ ಯಾರಿಗಿಲ್ಲ? ಆದರೆ ಅದಕ್ಕಾಗಿ ಸಾಲ ಮಾಡುವ ಮುನ್ನ, ಧಣಿಗಳಲ್ಲಿ ಸಂಬಳದ ಮುಂಗಡ ಬೇಡುವ ಮುನ್ನ, ಈ ತ್ವರಿತ ಶಿಕ್ಷಣದ ಸ್ವರೂಪವೇನೆಂಬುದನ್ನು ವಿಚಾರಿಸಿ ನೋಡುವುದು ವಿಹಿತವಾದುದು.

ನಲ್ಲಕುಂಟದಿಂದ ಗಲ್ಲಿಗಲ್ಲಿಗೆ

ಈ ನಗರದಲ್ಲಿ ಐ.ಐ.ಟಿ. ತರಬೇತಿಗೆ ಹೆಸರು ತಂದವರು ಗಣಿತದ ಅಧ್ಯಾಪಕರಾದ ಚುಕ್ಕಾ ರಾಮಯ್ಯನವರು. 1980ರ ದಶಕದಲ್ಲಿ ನಲ್ಲಕುಂಟದಲ್ಲಿ ಅವರು ಆರಂಭಿಸಿದ ತರಗತಿಗಳ ಕೀರ್ತಿಯಿಂದಾಗಿ ಜನರು ಅವರನ್ನು ‘ಐ.ಐ.ಟಿ. ರಾಮಯ್ಯ’ ಎಂದೇ ಕರೆದರು. ಆ ಕಾಲದ ತರಬೇತಿ ಹತ್ತನೆಯ ತರಗತಿಯನ್ನು ದಾಟಿದವರಿಗಾಗಿ ಇದ್ದಿತು. ಸ್ಪರ್ಧೆ ಬೆಳೆದಂತೆ ಅದು ಹತ್ತಕ್ಕೆ, ಎಂಟಕ್ಕೆ, ಕೊನೆಗೆ ಆರಕ್ಕೂ ಇಳಿಯಿತು.

ಇಲ್ಲಿ ಅಂಕಿಗಳನ್ನು ಗಮನಿಸತಕ್ಕದ್ದು. 2024ರಲ್ಲಿ ಜೆ.ಇ.ಇ. ಮೇನ್ ಪರೀಕ್ಷೆಗೆ ಕುಳಿತವರು 14 ಲಕ್ಷಕ್ಕೂ ಮಿಗಿಲು. ಆ ವರ್ಷ ಐ.ಐ.ಟಿ.ಗಳಲ್ಲಿದ್ದ ಸ್ಥಾನಗಳು 17,740. ಎಂದರೆ ಸುಮಾರು 80 ಮಂದಿಗೆ ಒಂದು ಸ್ಥಾನ. ಎಲ್ಲರೂ ಎರಡು ವರ್ಷ ಮೊದಲೇ ಹೊರಟರೆ ಸ್ಥಾನಗಳೇನೂ ಹೆಚ್ಚುವುದಿಲ್ಲ. ಹೆಚ್ಚುವುದು ಶುಲ್ಕ ಕಟ್ಟುವ ವರ್ಷಗಳು ಮಾತ್ರ.

ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂತ್ರಗಳನ್ನು ಪ್ರಕಟಿಸಿತು. 16 ವರ್ಷಕ್ಕಿಂತ ಕಿರಿಯರನ್ನು ಸೇರಿಸಿಕೊಳ್ಳಕೂಡದು, ರ‍್ಯಾಂಕಿನ ಸುಳ್ಳು ಆಶ್ವಾಸನೆ ನೀಡಕೂಡದು, ಪೂರ್ಣ ಶುಲ್ಕ ಕಟ್ಟಿದ ವಿದ್ಯಾರ್ಥಿ ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು 10 ದಿನಗಳೊಳಗೆ ಹಿಂತಿರುಗಿಸಬೇಕು ಎಂಬುವು ಅವುಗಳಲ್ಲಿ ಮುಖ್ಯವಾದವು. ಇವು ರಾಜ್ಯಗಳು ಜಾರಿಗೆ ತರಬೇಕಾದ ಸೂತ್ರಗಳೇ ಹೊರತು ತಾವೇ ಕಾಯಿದೆಯಲ್ಲ. ಆದಕಾರಣ ಹಣ ಕಟ್ಟುವವರು ಹಿಂತಿರುಗಿಸುವ ಷರತ್ತನ್ನು ಬರಹದಲ್ಲಿಯೇ ಪಡೆಯುವುದು ಜಾಣತನ.

ವೇಗವೋ, ಆಳವೋ?

ಹಾಗಾದರೆ ಚುರುಕಾದ ಮಕ್ಕಳಿಗೆ ವಿಶೇಷ ಪಾಠ ಬೇಡವೆ? ಅವಶ್ಯವಾಗಿ ಬೇಕು. ನಮ್ಮ ದೇಶ ಅದನ್ನು ಬಹಳ ಹಿಂದೆಯೇ ಮನಗಂಡಿತ್ತು. ಎನ್.ಸಿ.ಇ.ಆರ್.ಟಿ. ಸಂಸ್ಥೆಯು 1963ರಲ್ಲಿ ದೆಹಲಿಯಲ್ಲಿ ಕೇವಲ 10 ವಿದ್ಯಾರ್ಥಿವೇತನಗಳೊಡನೆ ವಿಜ್ಞಾನ ಪ್ರತಿಭಾ ಶೋಧವನ್ನು ಆರಂಭಿಸಿ, ಮರುವರ್ಷವೇ ಅದನ್ನು 350 ವಿದ್ಯಾರ್ಥಿವೇತನಗಳೊಡನೆ ದೇಶಕ್ಕೆಲ್ಲ ವಿಸ್ತರಿಸಿತು. ಅಲ್ಲಿ ಲಿಖಿತ ಪರೀಕ್ಷೆಯಷ್ಟೇ ಸಾಲದು. ವಿದ್ಯಾರ್ಥಿ ತಾನೇ ನಡೆಸಿದ ಪ್ರಯೋಗದ ವರದಿಯನ್ನೂ ಒಪ್ಪಿಸಿ ಸಂದರ್ಶನಕ್ಕೆ ನಿಲ್ಲಬೇಕಾಗಿತ್ತು. ಮುಂದಿನ ಪಾಠವನ್ನು ಬೇಗ ಒಪ್ಪಿಸುವವನನ್ನಲ್ಲ, ಸ್ವಂತವಾಗಿ ಆಲೋಚಿಸುವವನನ್ನು ಹುಡುಕುವುದು ಅದರ ಉದ್ದೇಶ. 1976ರ ಬಳಿಕ ಬೇರೆ ವಿಷಯಗಳಿಗೂ ಹಬ್ಬಿದ ಆ ಯೋಜನೆ 2021ರಲ್ಲಿ ನಿಂತುಹೋದುದು ವಿಷಾದದ ಸಂಗತಿ.

ವೇಗಕ್ಕೂ ಆಳಕ್ಕೂ ಇರುವ ಭೇದವನ್ನು ನಮ್ಮ ಕಸುಬಿನದೇ ಒಂದು ಲೆಕ್ಕದಿಂದ ಕಾಣಬಹುದು. ಒಂದು ಹೋಟೆಲಿನಲ್ಲಿ ಇಡ್ಲಿಗಳನ್ನು ಐದರ ಪೊಟ್ಟಣ, ಏಳರ ಪೊಟ್ಟಣ ಎಂದು ಎರಡೇ ಬಗೆಯಾಗಿ ಕಟ್ಟಿಡುತ್ತಾರೆ, ಪೊಟ್ಟಣವನ್ನು ಬಿಚ್ಚುವಂತಿಲ್ಲ. ಗಿರಾಕಿ 12 ಇಡ್ಲಿ ಕೇಳಿದರೆ ಕೊಡಬಹುದು, 13 ಕೇಳಿದರೆ ಕೊಡಲಾಗದು. ಹೀಗೆ ಕೊಡಲಾಗದ ಸಂಖ್ಯೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು?

ಸೂತ್ರವನ್ನು ಬಾಯಿಪಾಠ ಮಾಡಿದ ಹುಡುಗ ಐದನ್ನು ಏಳರಿಂದ ಗುಣಿಸಿ, ಎರಡರ ಮೊತ್ತವನ್ನು ಕಳೆದು, 23 ಎಂದು ತಟ್ಟನೆ ಹೇಳುತ್ತಾನೆ. ಸೂತ್ರವರಿಯದ ಹುಡುಗಿ ಕಾಗದ ಹಿಡಿದು ಕುಳಿತು, 24ಕ್ಕೆ ಎರಡು ಬಗೆಯವೂ ಎರಡೆರಡು, 25ಕ್ಕೆ ಐದರವು ಐದು, 26ಕ್ಕೆ ಏಳರವು ಮೂರು ಮತ್ತು ಐದರದೊಂದು, 27ಕ್ಕೆ ಏಳರದೊಂದು ಮತ್ತು ಐದರವು ನಾಲ್ಕು, 28ಕ್ಕೆ ಏಳರವು ನಾಲ್ಕು ಎಂದು ಬರೆಯುತ್ತಾಳೆ. ಸಾಲಾಗಿ ಐದು ಸಂಖ್ಯೆಗಳು ದೊರೆತವು. ಇವಕ್ಕೆ ಐದರ ಪೊಟ್ಟಣಗಳನ್ನು ಸೇರಿಸುತ್ತ ಹೋದರೆ ಮುಂದಿನ ಎಲ್ಲ ಸಂಖ್ಯೆಗಳೂ ದೊರೆಯುತ್ತವೆ. 23ರಿಂದ ಏಳನ್ನು ಕಳೆಯುತ್ತ ಬಂದರೆ 16, 9, 2. ಇವುಗಳಲ್ಲಾಗಲಿ 23ರಲ್ಲಾಗಲಿ ಐದರಿಂದ ಭಾಗವಾಗುವುದು ಒಂದೂ ಇಲ್ಲ. ಏಳನೆಯ ತರಗತಿಯ ಅಂಕಗಣಿತವನ್ನು ಮೀರದೆಯೇ ಆಕೆ ಒಂದು ಸಿದ್ಧಾಂತವನ್ನು ಸಾಧಿಸಿದಳು. ನಿಜವಾಗಿ ಮುಂದೆ ಹೋದವಳು ಈಕೆಯೇ ಅಲ್ಲವೆ?

ಹೆಚ್ಚು ಹಣ ಬೇಡದ ದಾರಿಗಳು

ಇಂತಹ ಬುದ್ಧಿಗೆ ತೆರೆದಿರುವ ದ್ವಾರ ಗಣಿತ ಒಲಿಂಪಿಯಾಡ್. ಭಾರತವು 1989ರಿಂದ ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ ಪಾಲ್ಗೊಳ್ಳುತ್ತಿದೆ. ಇದರ ಮೊದಲ ಮೆಟ್ಟಿಲಾದ ಐ.ಒ.ಕ್ಯು.ಎಂ. ಪರೀಕ್ಷೆಯನ್ನು ಎಂಟನೆಯ ತರಗತಿಯವರೂ ಬರೆಯಬಹುದು: 3 ಗಂಟೆ, 30 ಪ್ರಶ್ನೆ. ಅಂತಿಮ ಸ್ಪರ್ಧೆಯವರೆಗೂ ಕಲನಶಾಸ್ತ್ರದ ಅಗತ್ಯವಿಲ್ಲ. ಸಂಖ್ಯಾಶಾಸ್ತ್ರ, ಬೀಜಗಣಿತ, ರೇಖಾಗಣಿತ ಮತ್ತು ಎಣಿಕೆಯ ಉಪಾಯಗಳು ಸಾಕು. ಹಳೆಯ ಪ್ರಶ್ನಪತ್ರಿಕೆಗಳನ್ನು ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವು ಉಚಿತವಾಗಿ ಒದಗಿಸುತ್ತದೆ.

ಅಲ್ಪ ವರಮಾನದವರಿಗೆ ಇನ್ನೂ ಹತ್ತಿರದ್ದು, 2008ರಲ್ಲಿ ಆರಂಭವಾದ ಎನ್.ಎಂ.ಎಂ.ಎಸ್. ವಿದ್ಯಾರ್ಥಿವೇತನ. ಎಂಟನೆಯ ತರಗತಿಯಲ್ಲಿ ಪರೀಕ್ಷೆ. ತೇರ್ಗಡೆಯಾಗಿ ಆಯ್ಕೆಗೊಂಡವರಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಕುಟುಂಬದ ವಾರ್ಷಿಕ ವರಮಾನಕ್ಕೆ ಗೊತ್ತುಪಡಿಸಿದ ಮಿತಿ 3.5 ಲಕ್ಷ. ಆದರೆ ಇದು ಸರ್ಕಾರಿ, ಅನುದಾನಿತ ಹಾಗೂ ಸ್ಥಳೀಯ ಸಂಸ್ಥೆಗಳ ಶಾಲೆಗಳ ಮಕ್ಕಳಿಗೆ ಮಾತ್ರ. ಫಲಕದ ಮೋಹಕ್ಕೆ ಒಳಗಾಗಿ ಏಳನೆಯದರಲ್ಲಿ ಮಗುವನ್ನು ಖಾಸಗಿ ಶಾಲೆಗೆ ಬದಲಿಸುವವರು ಈ ಹಕ್ಕು ಕೈಬಿಟ್ಟುಹೋಗುವುದನ್ನು ನೆನಪಿನಲ್ಲಿಡಬೇಕು. ಆಯಾ ವರ್ಷದ ನಿಯಮಗಳನ್ನು ಶಾಲೆಯ ಮುಖ್ಯೋಪಾಧ್ಯಾಯರಲ್ಲಿ ವಿಚಾರಿಸುವುದು ಲೇಸು.

ಕಾಚಿಗುಡದ ಕನ್ನಡ ಶಾಲೆ ಹೊತ್ತಿರುವುದು ನೃಪತುಂಗನ ಹೆಸರನ್ನು. ಒಂಬತ್ತನೆಯ ಶತಮಾನದಲ್ಲಿ ಆ ಅರಸನನ್ನೇ ಸ್ತುತಿಸಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು, ಪಾವುಲೂರಿ ಮಲ್ಲನನು ಮುಂದೆ ಅದನ್ನು ತೆಲುಗಿಗೆ ತಂದನು. ಕನ್ನಡ ನಾಡಿನ ಗಣಿತ ತೆಲುಗು ನಾಡಿಗೆ ಬಂದುದು ಇಂದು ನಿನ್ನೆಯ ಮಾತಲ್ಲ. ಆ ವಿದ್ಯೆಯ ಮೇಲೆ ನಮ್ಮ ಮಕ್ಕಳಿಗೂ ಬಾಧ್ಯತೆಯಿದೆ. ರಾತ್ರಿಯ ಪಾಳಿ ಮುಗಿಸಿ ಬಂದ ತಂದೆಗೆ ಬೀಜಗಣಿತ ತಿಳಿಯಬೇಕಾಗಿಲ್ಲ. “ಈ ಉತ್ತರ ಹೇಗೆ ಬಂತು, ನನಗೂ ತಿಳಿಸಿ ಹೇಳಪ್ಪಾ” ಎಂದು ಕೇಳಿ, ಮಗು ಹೇಳಿ ಮುಗಿಸುವವರೆಗೆ ಕುಳಿತು ಆಲಿಸಿದರೆ, ಅಂದಿನ ಪಾಠ ಮಗುವಿಗೆ ದಕ್ಕಿದೆಯೇ ಇಲ್ಲವೇ ಎಂಬುದು ಇಬ್ಬರಿಗೂ ತಿಳಿಯುತ್ತದೆ.