ಮನೆಯೊಳಗಿನ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಶಿಥಿಲವಾದ ದೇವಾಲಯ, ಇಲ್ಲವೆ ಹೂಳು ತುಂಬಿದ ಕೆರೆ. ಜೀರ್ಣವಾದುದನ್ನು ತ್ಯಜಿಸದೆ ಬಲಪಡಿಸಿ ಮತ್ತೆ ಬಳಕೆಗೆ ತರುವುದೇ ಆ ಶಬ್ದದ ತಾತ್ಪರ್ಯ. ಅದು ಮನೆಯ ಪಾತ್ರೆ ಬಟ್ಟೆಗಳಿಗೂ ಸಲ್ಲತಕ್ಕದ್ದೆಂದು ನಾವು ತಿಳಿದಿದ್ದೇವೆ.

ಹಿತ್ತಾಳೆಯ ಪಾತ್ರೆಯನ್ನೇ ತೆಗೆದುಕೊಳ್ಳೋಣ. ತಾಮ್ರವೂ ಸತುವೂ ಬೆರೆತ ಈ ಲೋಹಕ್ಕೆ ಹುಣಿಸೆಯ ಹುಳಿಯಾಗಲಿ ಮಜ್ಜಿಗೆಯಾಗಲಿ ತಾಗಿದರೆ ಕಿಲುಬು ಹುಟ್ಟಿ ಅಡುಗೆ ಕೆಡುವುದು. ಇದಕ್ಕೆ ಕಲಾಯಿಯೇ ಪರಿಹಾರ. ಕಲಾಯಿಯವನು ಪಾತ್ರೆಯನ್ನು ಉಜ್ಜಿ, ತಿದಿಯೂದಿದ ಕೆಂಡದ ಮೇಲೆ ಕಾಯಿಸಿ, ನವಸಾಗರವನ್ನು ಉದುರಿಸಿ, ಕರಗಿದ ತವರವನ್ನು ಅರಳೆಯಿಂದ ಒಳಮೈಗೆಲ್ಲ ಸವರುವನು. ಲೋಹದ ಮೇಲಣ ಮಾಲಿನ್ಯವನ್ನು ನವಸಾಗರವು ಕಳೆಯುವುದರಿಂದಲೇ ತವರವು ಹಿಡಿದುಕೊಳ್ಳುವುದು. ತವರವು ಸೀಸ ಬೆರೆಯದ ಶುದ್ಧ ತವರವಾಗಿರಬೇಕು. ಅದು 232 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕರಗುವ ಕಾರಣ, ಕಲಾಯಿಯ ಪಾತ್ರೆಯನ್ನು ಬರಿದಾಗಿ ಉರಿಯ ಮೇಲೆ ಬಿಡಬಾರದೆಂಬುದನ್ನು ಗೃಹಿಣಿಯರು ನೆನಪಿಡತಕ್ಕದ್ದು.

ಬಟ್ಟೆಯ ವಿಷಯದಲ್ಲಿ ಉತ್ತರ ಕರ್ನಾಟಕದ ಕೌದಿಯು ನಮಗೆ ಮಾದರಿ. ಸವೆದ ಸೀರೆ ಧೋತರಗಳ ತುಂಡುಗಳನ್ನು ಪದರಪದರವಾಗಿಟ್ಟು ಕೈಯಿಂದ ಹೊಲಿದರೆ ಮಕ್ಕಳಿಗೆ ಬೆಚ್ಚನೆಯ ಹೊದಿಕೆಯಾಗುವುದು. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಸ್ತ್ರೀಯರು ಹೊಲಿದ ಕೌದಿಗಳು ಅಮೆರಿಕದ ಪ್ರದರ್ಶನಗಳಲ್ಲಿಯೂ ಮನ್ನಣೆ ಪಡೆದಿವೆ.

ಹೀಗಿದ್ದರೂ ಇಂದು ಆಗುತ್ತಿರುವುದೇನು? ಉಕ್ಕಿನ ಪಾತ್ರೆಗಳು ಬಂದ ಮೇಲೆ ಕಲಾಯಿಯವನ ಕೂಗು ಬೀದಿಗಳಲ್ಲಿ ವಿರಳವಾಯಿತು. ಕಲಾಯಿಯವನಿಲ್ಲವೆಂದು ನಾವು ಹಿರಿಯರ ಪಾತ್ರೆಯನ್ನು ಗುಜರಿಗೆ ಹಾಕುವೆವು. ಪಾತ್ರೆಗಳು ಬಾರವೆಂದು ಅವನು ಕಸುಬನ್ನು ಬಿಡುವನು. ಪಾತ್ರೆ ಹೋದರೆ ಹಣ ಕೊಟ್ಟು ಇನ್ನೊಂದನ್ನು ತರಬಹುದು. ತಂದೆಯ ಕೈಯಿಂದ ಮಗನ ಕೈಗೆ ಬಂದ ಕೌಶಲ್ಯವು ಒಂದು ತಲೆಮಾರು ತಪ್ಪಿದರೆ, ಅದನ್ನು ಯಾವ ಅಂಗಡಿಯಿಂದ ತರೋಣ?

ಹೊಸ ಯಂತ್ರಗಳಿಗೂ ಈ ಮಾತು ಸಲ್ಲುವುದು. ಬಿಡಿಭಾಗಗಳು ದೊರೆಯದಿದ್ದರೆ, ಒಳಗಿನ ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿದ್ದರೆ, ಎಂತಹ ಕುಶಲನಾದರೂ ಏನು ಮಾಡಿಯಾನು? ಆದುದರಿಂದಲೇ ಫ್ರಾನ್ಸ್ ದೇಶದಲ್ಲಿ 2021ರಿಂದ ಮೊಬೈಲು ಮುಂತಾದ ಕೆಲವು ಸಾಧನಗಳ ಮೇಲೆ, ಅವು ದುರಸ್ತಿಗೆ ಎಷ್ಟು ಅನುಕೂಲವೆಂಬುದನ್ನು ಹತ್ತರಲ್ಲಿ ಇಷ್ಟು ಅಂಕವೆಂದು ನಮೂದಿಸುವ ನಿಯಮವು ಬಂದಿತು. ನಮ್ಮ ದೇಶದಲ್ಲಿಯೂ 2022ರಲ್ಲಿ ಕೇಂದ್ರ ಸರಕಾರವು ದುರಸ್ತಿಯ ಹಕ್ಕಿಗಾಗಿ ಜಾಲತಾಣವೊಂದನ್ನು ತೆರೆಯಿತು.

ಎಲ್ಲವನ್ನೂ ದುರಸ್ತಿ ಮಾಡಿಯೇ ತೀರಬೇಕೆಂದು ನಾವು ಹೇಳುವುದಿಲ್ಲ. ಹೊದಿಕೆ ಹರಿದ ವಿದ್ಯುತ್ತಿನ ತಂತಿಯನ್ನು ಚಿಂದಿ ಸುತ್ತಿ ಬಳಸುವುದು ಮಿತವ್ಯಯವಲ್ಲ, ಅಪಾಯ. ಆದರೆ ಕೊಡೆಯ ಮುರಿದ ಕಡ್ಡಿ, ಚಪ್ಪಲಿಯ ಕಿತ್ತ ಉಂಗುಷ್ಟ, ಕಲಾಯಿ ಹೋದ ತಪ್ಪಲೆ ಇವುಗಳನ್ನು ಬಿಸಾಡುವ ಮುನ್ನ ಒಮ್ಮೆ ಕಸುಬುದಾರನಿಗೆ ತೋರಿಸೋಣ. ಕೂಲಿಯ ವಿಷಯದಲ್ಲಿ ಹೆಚ್ಚು ಚೌಕಾಸಿ ಮಾಡದಿರೋಣ. ಸಾಧ್ಯವಾದರೆ ಮನೆಯ ಮಕ್ಕಳನ್ನೂ ಜೊತೆಗೆ ಕರೆದೊಯ್ದು, ಅವನ ಕೆಲಸವನ್ನು ಕುಳಿತು ನೋಡುವಂತೆ ಮಾಡೋಣ.