ಅರ್ಧ ಅಂಗುಲದ ಕೊಳವೆ

ಮೈಸೂರಿನ ಕೆ.ಆರ್.ಎಸ್. ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ನಿಂತು ಊರು ಕೇಳಿದರೆ ಹಾಸನ, ಹೊಳೆನರಸೀಪುರ, ಅರಕಲಗೂಡು ಎಂಬ ಉತ್ತರ ಬರುತ್ತದೆ. ಹೊಗೆಸೊಪ್ಪು ಬೆಳೆಯುವ ರಾಮನಾಥಪುರ, ಕೊಣನೂರಿನ ಕಡೆಯವರೂ ಇರುತ್ತಾರೆ. ಬೆಂಗಳೂರು ಹೆದ್ದಾರಿಯ ಮೇಲಿರುವ ಚನ್ನರಾಯಪಟ್ಟಣದವರಿಗೆ ರಾಜಧಾನಿಯ ಜಯದೇವವೂ ಎಟಕುತ್ತದೆ. ಆ ಸಂಸ್ಥೆಯನ್ನು ದೀರ್ಘಕಾಲ ನಡೆಸಿದ ಡಾ. ಸಿ.ಎನ್. ಮಂಜುನಾಥ್ ಅದೇ ತಾಲ್ಲೂಕಿನ ಚಿನ್ನೇನಹಳ್ಳಿಯವರು. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಮೈಸೂರಿನ ಈ ಸಾಲು ಗೇಟಿನಾಚೆಗೂ ಬೆಳೆದಿತ್ತು. ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಸಾವುಗಳಲ್ಲಿ ಅಸಹಜ ಏರಿಕೆ ಇಲ್ಲವೆಂದಿತು. ಭಯ ಅಷ್ಟು ಬೇಗ ಇಳಿಯಲಿಲ್ಲ.

ಸಾಲಿನಲ್ಲಿರುವವರ ಕಣ್ಣಿಗೆ ಬೀಳದ ವಸ್ತುವೊಂದು ಒಳಗಿದೆ: ಕೊಳವೆ. ತೆರೆದ ಹೃದಯ ಶಸ್ತ್ರಚಿಕಿತ್ಸೆ ನಡೆಯುವ ಯಾವ ಕೊಠಡಿಗೆ ಹೋದರೂ ಮೇಜಿನ ಪಕ್ಕ ಹೃದಯ-ಶ್ವಾಸಕೋಶ ಯಂತ್ರ ನಿಂತಿರುತ್ತದೆ. ಅದರ ಮುಂದೆ ಕೂತವರು ಪರ್ಫ್ಯೂಷನಿಸ್ಟ್. ಹೃದಯ ನಿಲ್ಲಿಸಿದಷ್ಟು ಹೊತ್ತೂ ನಿಮಿಷಕ್ಕೆ ನಾಲ್ಕೈದು ಲೀಟರ್ ರಕ್ತ ಅವರ ಕೈಯಲ್ಲಿ. 1953ರಲ್ಲಿ ಫಿಲಡೆಲ್ಫಿಯಾದ ಜಾನ್ ಗಿಬ್ಬನ್ ಇಂಥ ಯಂತ್ರದಿಂದ ಮೊದಲ ಬಾರಿಗೆ ಯಶಸ್ಸು ಕಂಡರು. ಯಂತ್ರ ಅಂದಿನಿಂದ ಎಷ್ಟೋ ಬದಲಾಗಿದೆ, ಕೊಳವೆಯ ಲೆಕ್ಕಾಚಾರ ಮಾತ್ರ ಅದೇ.

ದೊಡ್ಡವರಲ್ಲಿ ದೇಹದಿಂದ ಯಂತ್ರಕ್ಕೆ ಬರುವ ಲೈನ್ ಸಾಮಾನ್ಯವಾಗಿ ಅರ್ಧ ಅಂಗುಲದ್ದು, ಮರಳಿ ಹೋಗುವುದು ಎಂಟನೇ ಮೂರು ಅಂಗುಲದ್ದು. ಬರುವ ರಕ್ತ ಸಾಮಾನ್ಯವಾಗಿ ತನ್ನ ಭಾರದಿಂದಲೇ ಕೆಳಗಿಳಿಯಬೇಕು, ಅದಕ್ಕೆ ಅಗಲ ಬೇಕು. ಹೋಗುವುದನ್ನು ಪಂಪ್ ತಳ್ಳುತ್ತದೆ. ಬೋರ್‌ವೆಲ್ ಪೈಪು ಕೊಳ್ಳುವ ರೈತನಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ರಕ್ತದಂಥ ದ್ರವದಲ್ಲಿ ಕೊಳವೆ ಕಿರಿದಾದರೆ ಬೀಳುವ ಪೆಟ್ಟು ಇನ್ನೂ ಜೋರು. ಹರಿವು ನಯವಾಗಿದ್ದಾಗ ಕೊಳವೆಯ ಒಳವ್ಯಾಸ ಅರ್ಧಕ್ಕಿಳಿದರೆ ಅದೇ ಒತ್ತಡದಲ್ಲಿ ಹರಿಯುವುದು ಹದಿನಾರರಲ್ಲಿ ಒಂದು ಪಾಲು.

ಹಾಗಾದರೆ ಎಲ್ಲವನ್ನೂ ಅಗಲ ಮಾಡಿಬಿಟ್ಟರೆ? ಆಗದು. ಅರ್ಧ ಅಂಗುಲದ ಕೊಳವೆ ಒಂದು ಮೀಟರಿಗೆ ಸುಮಾರು 127 ಮಿಲಿಲೀಟರ್ ಹಿಡಿಯುತ್ತದೆ. ರಕ್ತ ಬರುವ ಮುನ್ನ ಅಷ್ಟನ್ನೂ ಲವಣ ದ್ರಾವಣದಿಂದ ತುಂಬಿಸಬೇಕು. ಇದಕ್ಕೆ ಪ್ರೈಮಿಂಗ್ ಎನ್ನುತ್ತಾರೆ. ಆ ನೀರು ರೋಗಿಯ ರಕ್ತವನ್ನು ತೆಳುವಾಗಿಸುತ್ತದೆ. ಮೂರು ಕಿಲೋ ತೂಕದ ಮಗುವಿನ ಮೈಯಲ್ಲಿರುವ ರಕ್ತವೇ 250 ಮಿಲಿಲೀಟರ್ ಆಸುಪಾಸು. ದೊಡ್ಡವರ ಕೊಳವೆಯ ಎರಡೇ ಮೀಟರ್ ಅದಕ್ಕೆ ಸಮ. ಅದಕ್ಕೇ ಮಕ್ಕಳಿಗೆ ಕಾಲು ಅಂಗುಲದ ಕೊಳವೆ, ಯಂತ್ರವನ್ನು ಮೇಜಿಗೆ ಆದಷ್ಟು ಹತ್ತಿರ ಎಳೆಯುವುದು, ಹೆಚ್ಚಾದದ್ದನ್ನು ಕತ್ತರಿಸುವುದು. ಈ ವಿನ್ಯಾಸದಲ್ಲಿ ನನಗೆ ಅತಿ ಜಾಣತನವೆನಿಸಿದ್ದು ಈ ಕತ್ತರಿಯೇ.

ಪ್ಲಾಸ್ಟಿಕ್ ಸೋಕಿದ ರಕ್ತ ಹೆಪ್ಪುಗಟ್ಟುತ್ತದೆ. ಅದನ್ನು ತಡೆಯುವ ಹೆಪಾರಿನ್ ಕೊಟ್ಟು, ಹೆಪ್ಪುಗಟ್ಟುವ ಸಮಯ ಸಾಮಾನ್ಯವಾಗಿ 480 ಸೆಕೆಂಡು ದಾಟಿದ ಮೇಲೆ ಪಂಪಿಗೆ ಹಾಕುತ್ತಾರೆ. ಕೊಳವೆಯ ಒಳಮೈಗೂ ಹೆಪಾರಿನ್ ಲೇಪ ಬಂದಿದೆ. ಹಂದಿಯ ಕರುಳಿನಿಂದ ತೆಗೆಯುವ ಔಷಧ ಅದು. ಕೊನೆಗೆ ಅದನ್ನು ತಟಸ್ಥಗೊಳಿಸುವ ಪ್ರೋಟಮಿನ್ ಮೂಲತಃ ಸಾಲ್ಮನ್ ಮೀನಿನದು! ಪ್ರತಿ ಜೋಡಣೆಯೂ ಹರಿವು ಸುಳಿಯುವ, ಹೆಪ್ಪು ಕೂರುವ ಜಾಗ. ಜೋಡಣೆ ಕಡಿಮೆಯಾದಷ್ಟು ಒಳ್ಳೆಯದು. ಗುಳ್ಳೆ ಕಾಣಲೆಂದು ಕೊಳವೆ ಪಾರದರ್ಶಕ. ಕೊಳವೆಯನ್ನು ಒತ್ತಿ ರಕ್ತ ತಳ್ಳುವ ರೋಲರ್ ಪಂಪು ಅದನ್ನು ಅತಿ ಬಿಗಿಯಾಗಿ ಒತ್ತಿದರೆ ರಕ್ತಕಣ ಒಡೆಯುತ್ತವೆ, ಒಳಗೋಡೆಯ ಚೂರು ಕಳಚುತ್ತವೆ. ಸಡಿಲ ಬಿಟ್ಟರೆ ರಕ್ತ ಹಿಂದಕ್ಕೆ ಜಾರುತ್ತದೆ.

ನಿತ್ರಾಣಗೊಂಡ ಹೃದಯಕ್ಕೆ ಇನ್ನೊಂದು ಆಸರೆ ಬಲೂನ್ ಪಂಪ್. ತೊಡೆಯ ಧಮನಿಯಿಂದ ಏರುವ, ಎರಡೂವರೆ ಮಿಲಿಮೀಟರ್ ದಪ್ಪದ ಕ್ಯಾತಿಟರ್ ಅದು. ಪ್ರತಿ ಬಡಿತಕ್ಕೂ ಸುಮಾರು 40 ಮಿಲಿಲೀಟರ್ ಹೀಲಿಯಂ ಅದರ ತುದಿಯ ಬಲೂನಿನ ಒಳಹೊರಗೆ ಓಡುತ್ತದೆ. ಹೀಲಿಯಂ ಹಗುರ, ಸಪೂರ ಕೊಳವೆಯಲ್ಲೂ ತಡೆಯಿಲ್ಲದೆ ಸಾಗುತ್ತದೆ. ಹೃದಯಾಘಾತದಿಂದ ಆಘಾತಸ್ಥಿತಿಗೆ ಹೋದವರಲ್ಲಿ ಇದರಿಂದ ಮೂವತ್ತು ದಿನದೊಳಗಿನ ಸಾವು ಇಳಿಯಲಿಲ್ಲವೆಂದು 2012ರ ಜರ್ಮನ್ ಅಧ್ಯಯನ ತೋರಿಸಿತು. ಜಾಣ ವಿನ್ಯಾಸವೆಲ್ಲ ಜೀವ ಉಳಿಸುವುದಿಲ್ಲ.

ಈ ಕೊಳವೆಗಳು ಬೇಕಾಗುವ ಹಂತಕ್ಕೆ ಬರುವ ಮೊದಲೇ ಅನೇಕರನ್ನು ತಡೆಯಬಹುದು. ಹಾಸನದಿಂದ ಮೈಸೂರಿಗೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಎದೆನೋವಿನೊಂದಿಗೆ ಅಷ್ಟು ದೂರ ಹೊರಡಬೇಡಿ. ಮೊದಲು ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ, ಹೃದಯಾಘಾತವೆಂದಾದರೆ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ಉಚಿತವಾಗಿ ಕೊಡುವ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದಿನ ಬಗ್ಗೆ ಅಲ್ಲೇ ಕೇಳಿ.