ಮೆಟ್ಟಿಲ ಕಟಕಟೆಯ ಕಿರುಗಂಬಗಳು

ಮನೆಗೆ ಶೋಭೆಯನ್ನು ತರುವ ಅಂಗಗಳಲ್ಲಿ ಮೆಟ್ಟಿಲ ಕಟಕಟೆಯೂ ಒಂದು. ಕೈಪಿಡಿಯನ್ನು ಹೊತ್ತು ಸಾಲಾಗಿ ನಿಲ್ಲುವ ಕಿರುಗಂಬಗಳು ನೋಟಕ್ಕೆ ಸೊಗಸಾಗಿರಬೇಕೆಂಬುದು ನಿಜವೇ. ಆದರೆ ಮನೆಯ ಮಕ್ಕಳು ಕೆಳಗೆ ಬೀಳದಂತೆ ಕಾಯುವುದೇ ಅವುಗಳ ಮೊದಲ ಕೆಲಸ. ಅಂದವೂ ಕಾವಲೂ ಒಂದಕ್ಕೊಂದು ಅಡ್ಡಿಯಾಗದಂತೆ ಅವುಗಳನ್ನು ರೂಪಿಸುವ ಬಗೆಯನ್ನು ಇಲ್ಲಿ ವಿಚಾರಿಸೋಣ.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಳೆಯ ಮಾಳಿಗೆಮನೆಗಳಲ್ಲಿ ಮೇಲೇರಲು ಒಂದು ಏಣಿಯೋ ಕಲ್ಲಿನ ಮೆಟ್ಟಿಲೋ ಸಾಕಾಗುತ್ತಿದ್ದಿತು. ಈಗ ಕಾಂಕ್ರೀಟಿನ ಮಹಡಿಮನೆಗಳು ಎದ್ದಿವೆ; ಮೆಟ್ಟಿಲು ನಡುಮನೆಗೆ ಬಂದಿದೆ, ಅದರೊಡನೆ ಕಟಕಟೆಯೂ ಬಂದಿದೆ. ಅಂಗಡಿಯ ಸಿದ್ಧವಸ್ತು ಬೇಡ, ತಮ್ಮ ಮನಸ್ಸಿಗೊಪ್ಪುವ ಕಡೆತದ ಕಂಬವೇ ಬೇಕೆನ್ನುವ ಗೃಹಸ್ಥರಿಗೆ ಕಂಪ್ಯೂಟರು ಇಂದು ಒಳ್ಳೆಯ ಸಹಾಯಕನಾಗಿದೆ.

ಕಂಪ್ಯೂಟರೆಂದೊಡನೆ ಹಿಂಜರಿಯಬೇಕಾದುದಿಲ್ಲ. ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮೂರಿನವರಿಗೆ ಇದರ ಮರ್ಮವು ಹೊಸದಲ್ಲ. ಜಕಾರ್ಡ್ ಮಗ್ಗದಲ್ಲಿ ಬುಟ್ಟಾ ಮೂಡುವ ಮೊದಲು ಅದನ್ನು ಚೌಕಳಿ ಕಾಗದದ ಮೇಲೆ ಬರೆದು, ಆ ಬರಹಕ್ಕೆ ತಕ್ಕಂತೆ ರಟ್ಟುಗಳಿಗೆ ರಂಧ್ರ ಹೊಡೆಯುವುದು ವಾಡಿಕೆ. ಫ್ರಾನ್ಸಿನ ಜಕಾರ್ಡನು 1804ರಲ್ಲಿ ತಂದ ಈ ರಂಧ್ರದ ರಟ್ಟುಗಳನ್ನೇ ಇಂಗ್ಲೆಂಡಿನ ಬ್ಯಾಬೇಜನು ತನ್ನ ಗಣನಯಂತ್ರದ ಯೋಜನೆಗೆ ಎರವಲು ಪಡೆದನು. ನೂಲು ವೆಚ್ಚವಾಗುವ ಮೊದಲೇ ತಪ್ಪನ್ನು ಕಾಗದದ ಮೇಲೆ ತಿದ್ದಿಕೊಳ್ಳುವುದು ನೇಕಾರರ ಜಾಣ್ಮೆ. ಮರ ವೆಚ್ಚವಾಗುವ ಮೊದಲು ತೆರೆಯ ಮೇಲೆ ತಿದ್ದಿಕೊಳ್ಳುವುದೂ ಅದೇ ಜಾಣ್ಮೆ.

ಇನ್ನು ಕ್ರಮವನ್ನು ನೋಡೋಣ. ಕಡೆದ ಕಂಬವು ಎಲ್ಲ ಕಡೆಗೂ ಒಂದೇ ಸಮನಾಗಿ ದುಂಡಗಿರುವುದರಿಂದ ಅದನ್ನು ಪೂರ್ತಿಯಾಗಿ ಬರೆಯಬೇಕಾಗಿಲ್ಲ. ನಡುವೆ ಒಂದು ನೇರವಾದ ಗೆರೆಯನ್ನೆಳೆದು, ಅದರ ಒಂದು ಪಕ್ಕದಲ್ಲಿ ಉಬ್ಬು, ಕೊರಳು, ಬಳೆಗಳ ಅಂಚನ್ನು ಮಾತ್ರ ಬರೆದರಾಯಿತು. ಬ್ಲೆಂಡರ್, ಫ್ರೀಕ್ಯಾಡ್ ಮೊದಲಾದ ಉಚಿತ ತಂತ್ರಾಂಶಗಳು ಆ ಅಂಚನ್ನು ನಡುಗೆರೆಯ ಸುತ್ತ ಒಂದು ಸುತ್ತು ತಿರುಗಿಸಿ ಕಂಬವನ್ನು ನಿಲ್ಲಿಸುತ್ತವೆ. ಚನ್ನಪಟ್ಟಣದ ಬೊಂಬೆಗಾರರು ಲೇತಿನ ಮೇಲೆ ಮರವನ್ನು ತಿರುಗಿಸಿ ಉಳಿಯಿಂದ ಮಾಡುವುದೂ, 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರ ಗುಡಿಯ ಕಡೆದ ಕಂಬಗಳು ತೋರಿಸುವುದೂ ಇದೇ ತತ್ತ್ವವನ್ನು.

ಹೀಗೆ ಸಿದ್ಧವಾದ ಕಂಬವನ್ನು ಸ್ವೀಟ್ ಹೋಮ್ ತ್ರೀಡಿಯಂತಹ ಮನೆಯ ನಕ್ಷೆಯ ತಂತ್ರಾಂಶಕ್ಕೆ ತಂದುಕೊಳ್ಳಬಹುದು. ಆದರೆ ಒಂದು ಎಚ್ಚರಿಕೆ. ಸಾಮಾನ್ಯವಾಗಿ ಬಳಸುವ ಓಬಿಜೆ ಕಡತದಲ್ಲಿ ಅಂಕಿಗಳಿರುತ್ತವೆಯೇ ಹೊರತು ಅವು ಅಂಗುಲವೋ ಮೀಟರೋ ಎಂಬುದು ಬರೆದಿರುವುದಿಲ್ಲ. ಆದುದರಿಂದ ತಂದ ಕೂಡಲೇ ಕಂಬದ ಎತ್ತರ, ಅಗಲಗಳನ್ನು ನೋಡಿ ಸರಿಪಡಿಸತಕ್ಕದ್ದು.

ಈಗ ಮುಖ್ಯವಾದ ಮಾತಿಗೆ ಬರೋಣ. 10 ಅಡಿ ಎತ್ತರದ ಮಹಡಿಗೆ 18 ಏರುಗಳನ್ನಿಟ್ಟರೆ ಒಂದೊಂದು ಏರು 6⅔ ಅಂಗುಲವಾಗುವುದು. ಮೆಟ್ಟಿಲ ಅಗಲ 10 ಅಂಗುಲವೆಂದೂ ಮೆಟ್ಟಿಲಿಗೆ ಎರಡು ಕಂಬಗಳೆಂದೂ ಇಟ್ಟುಕೊಳ್ಳೋಣ. ಆಗ ಕಂಬದ ನಡುವಿನಿಂದ ಕಂಬದ ನಡುವಿಗೆ 5 ಅಂಗುಲ. ಉಬ್ಬು 2½ ಅಂಗುಲ ದಪ್ಪವಿದ್ದರೆ ಅಲ್ಲಿ ಸಂದು 2½ ಅಂಗುಲ. ನೋಡಿದವರಿಗೆ ಭದ್ರವೆಂದೇ ತೋರುವುದು. ಆದರೆ ಕೊರಳು 1 ಅಂಗುಲಕ್ಕೆ ಸಣ್ಣಗಾಗಿದ್ದರೆ ಅಲ್ಲಿ ಸಂದು 4 ಅಂಗುಲ! ಕಟಕಟೆಯ ಸಂದಿನಲ್ಲಿ 4 ಅಂಗುಲ ವ್ಯಾಸದ ಗೋಳವು ತೂರಬಾರದೆಂಬುದು ಅಮೆರಿಕದ ಮಾದರಿ ಗೃಹನಿರ್ಮಾಣ ನಿಯಮ. ಮೆಟ್ಟಿಲ ಓರೆಯಲ್ಲಿ ಮಾತ್ರ ಸ್ವಲ್ಪ ಸಡಿಲಿಕೆಯುಂಟು. ಎಳೆಯ ಮಕ್ಕಳ ತಲೆ, ಮೈಗಳು ನುಸುಳದಿರಲೆಂಬುದೇ ಇದರ ಉದ್ದೇಶ. ಕೊರಳನ್ನು 1¼ ಅಂಗುಲ ಮಾಡಿದರೆ ಸಂದು 3¾ ಅಂಗುಲಕ್ಕಿಳಿಯುವುದು, ಅಂದಕ್ಕೇನೂ ಕುಂದಿಲ್ಲ. ಸಂದನ್ನು ಉಬ್ಬಿನಲ್ಲಿ ಅಳೆಯಬಾರದು, ಕೊರಳಿನಲ್ಲಿ ಅಳೆಯಬೇಕು ಎಂಬುದನ್ನು ಗೃಹಸ್ಥರು ನೆನಪಿನಲ್ಲಿಡತಕ್ಕದ್ದು.

ಅದರಲ್ಲಿಯೂ ಮಹಡಿಯ ಅಂಚಿನ ಕಟಕಟೆಯನ್ನು ವಿಶೇಷವಾಗಿ ನೋಡಬೇಕು. ಓರೆಯಲ್ಲಿ ಒಂದು ಕಂಬದ ಕೊರಳಿಗೆ ಪಕ್ಕದ ಕಂಬದ ಬೇರೊಂದು ಭಾಗವು ಎದುರಾಗುವುದುಂಟು; ಸಮತಲದಲ್ಲಾದರೋ ಕೊರಳಿಗೆ ಕೊರಳೇ ಎದುರು. ಸಂದು ಅಲ್ಲಿಯೇ ಹೆಚ್ಚು. ಬಿದ್ದರೆ ಆಳವೂ ಅಲ್ಲಿಯೇ ಹೆಚ್ಚು. ತಂತ್ರಾಂಶದಲ್ಲಿ 4 ಅಂಗುಲದ ಒಂದು ಗೋಳವನ್ನು ಮಾಡಿಟ್ಟುಕೊಂಡು ಸಂದುಗಳಲ್ಲಿ ತೂರಿಸಿ ನೋಡಿದರೆ ಸಂದೇಹಕ್ಕೆ ಎಡೆಯಿರದು.

ಮತ್ತೊಂದು ಸೂಕ್ಷ್ಮವುಂಟು. ಒಂದೇ ಮೆಟ್ಟಿಲ ಮೇಲಿನ ಎರಡು ಕಂಬಗಳು ಸಮನಾದ ಉದ್ದದವಾಗಿರಲಾರವು. ಕೈಪಿಡಿಯು ಏರುತ್ತ ಹೋಗುವುದರಿಂದ ಎರಡನೆಯದು ಅರ್ಧ ಏರಿನಷ್ಟು, ಎಂದರೆ 3⅓ ಅಂಗುಲ, ಉದ್ದವಿರಬೇಕು. ಇದಕ್ಕಾಗಿ ತೆರೆಯ ಮೇಲೆ ಇಡೀ ಕಂಬವನ್ನು ಹಿಗ್ಗಿಸಿದರೆ ಉಬ್ಬು ಸೋರೆಕಾಯಿಯಂತೆ ನೀಳವಾಗಿ ಜೋಡಿ ಕೆಡುವುದು. ಬುಡದ ಚೌಕಭಾಗವನ್ನು ಮಾತ್ರ ಉದ್ದಮಾಡಿದರೆ ಉಬ್ಬುಗಳ ಸಾಲು ಕೈಪಿಡಿಯೊಡನೆ ಒಂದೇ ಓರೆಯಲ್ಲಿ ಏರುವುದು. 17 ಮೆಟ್ಟಿಲುಗಳ ನೇರ ಸಾಲಿಗೆ 17 ಗಿಡ್ಡ, 17 ಉದ್ದ, ಒಟ್ಟು 34 ಕಂಬಗಳು. ಈ ಲೆಕ್ಕವಿಲ್ಲದೆ 34ನ್ನೂ ಒಂದೇ ಅಳತೆಯಲ್ಲಿ ಕಡೆಸಿದವರು ಹಣವನ್ನೂ ಮರವನ್ನೂ ಕಳೆದುಕೊಳ್ಳುವರು.

ಕೊನೆಗೆ, ತೆರೆಯ ಚಿತ್ರವನ್ನು ನೋಡಿಯೇ ತೃಪ್ತರಾಗಬಾರದು. ಅಂಚಿನ ಆಕಾರವನ್ನು ನಿಜವಾದ ಅಳತೆಯಲ್ಲಿ ಕಾಗದಕ್ಕಿಳಿಸಿ, ರಟ್ಟಿನಲ್ಲಿ ಕತ್ತರಿಸಿ ಬಡಗಿಗಳ ಕೈಗೆ ಕೊಟ್ಟು, ಮೊದಲು ಒಂದೇ ಕಂಬವನ್ನು ಕಡೆಸಿ ನೋಡುವುದು ಕ್ಷೇಮ. ಬಯಲುಸೀಮೆಯ ಒಣಹವೆಗೆ ಹಸಿಮರವು ಕುಗ್ಗಿ ಗೂಟಗಳು ಸಡಿಲವಾಗುವುದರಿಂದ, ಚೆನ್ನಾಗಿ ಒಣಗಿದ ಮರವನ್ನೇ ಆರಿಸಿಕೊಳ್ಳಬೇಕು. ನೆಂಟರು ಮೆಚ್ಚುವ ಕಟಕಟೆ ಮನೆಗೆ ಭೂಷಣ. ಅಂಬೆಗಾಲಿಡುವ ಕೂಸನ್ನು ತಾಯಿಯು ನಿಶ್ಚಿಂತೆಯಿಂದ ಮಹಡಿಯಲ್ಲಿ ಬಿಡಬಲ್ಲಂತಹ ಕಟಕಟೆ ಮನೆಗೆ ರಕ್ಷೆ. ಕಾಲಂಗುಲದ ವಿಚಾರದಿಂದ ಎರಡೂ ದೊರೆಯುವಾಗ ಒಂದನ್ನು ಬಿಡುವುದೇತಕ್ಕೆ?